ನಿಲ್ಲಿಸಬಹುದಾದ ಹಾಡು

ನನ್ನ ತಮ್ಮ ಗಿಟಾರ್ ಕಲಿಯಲು ಹೊರಟಾಗ ಅವನ ತಲೆ ಪೂರ್ತಿ ಬೆಳ್ಳಗಾಗಿತ್ತು. ಬೀದಿಯವರು ಬೆನ್ನ ಹಿಂದೆ ನಕ್ಕರು. ನಾನು ಬೆನ್ನ ಹಿಂದೆ ನಗುವವಳಲ್ಲ, ಎದುರಿಗೇ ನಕ್ಕೆ.

"ಏನೋ ಇದು ನಿನ್ನ ಅವತಾರ? ಇನ್ನು ಕೂದ್ಲು ಬಿಟ್ಕೊಂಡು, ಹರಿದ ಪ್ಯಾಂಟು ಹಾಕ್ಕೊಂಡು ಕುಣಿಯೋದೊಂದು ಬಾಕಿ."

"ನಗು ಅಕ್ಕಾ, ನಗು. ಪುಕ್ಕಟೆ ತಾನೇ," ಎಂದು ಅವನು ತಲೆ ಎತ್ತದೆ ತಂತಿ ಬಿಗಿ ಮಾಡುತ್ತ ಕೂತ. ಯಾಕೆ ಕಲಿಯುತ್ತಿದ್ದಾನೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ನಗುತ್ತಿದ್ದೆನೋ ಏನೋ, ನನ್ನ ಬಾಯಿ ಅಂಥದ್ದು.

ಅವನದು ವೈಂಡಿಂಗ್ ಅಂಗಡಿ. ಸುಟ್ಟುಹೋದ ಫ್ಯಾನು, ಮಿಕ್ಸಿ, ನೀರೆತ್ತುವ ಪಂಪುಗಳ ಹೊಟ್ಟೆ ಬಗೆದು, ಕರಕಲಾದ ತಂತಿ ಕಿತ್ತುಹಾಕಿ, ಹೊಸ ತಾಮ್ರದ ತಂತಿ ಸುತ್ತಿ ಕೊಡುವ ಕೆಲಸ. ಅಂಗಡಿ ಎಂದರೆ ಒಂದು ಕೋಣೆ. ಶಾಕ್ ಹೊಡೆಯದಂತೆ ತಂತಿಗೆ ಬಳಿಯುವ ವಾರ್ನಿಶ್ ವಾಸನೆ ಗೋಡೆಗೆಲ್ಲ ಮೆತ್ತಿಕೊಂಡಿದೆ, ಎಷ್ಟು ಸುಣ್ಣ ಬಳಿದರೂ ಹೋಗುವುದಿಲ್ಲ. ಬಾಗಿಲ ಬಳಿ ಗಿರಾಕಿಗಳಿಗೆ ಒಂದು ಬೆಂಚು, ಒಳಗೆ ಅವನ ಮೇಜು, ಮೇಜಿನ ಅಂಚಿಗೆ ಬಿಗಿದ, ಹಿಡಿಕೆ ತಿರುಗಿಸುವ ಸುತ್ತುಯಂತ್ರ. ಅಂಗಡಿಯಿಂದ ಮನೆಗೆ ಒಂದು ಓಣಿ ದಾಟಿದರಾಯಿತು.

ಆ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಎಣಿಕೆ. ಎಷ್ಟು ಸುತ್ತು ಇರಬೇಕೋ ಅಷ್ಟೇ ಇರಬೇಕು. ಕಡಿಮೆಯಾದರೆ ಮೋಟರ್ ಬಿಸಿಯಾಗಿ ಮತ್ತೆ ಸುಟ್ಟುಹೋಗುತ್ತದೆ. ಮಧ್ಯದಲ್ಲಿ ಎಣಿಕೆ ತಪ್ಪಿದರೆ ಸುತ್ತಿದ್ದನ್ನೆಲ್ಲ ಬಿಚ್ಚಿ ಮೊದಲಿಂದ ಶುರು. ನನ್ನ ತಮ್ಮ ಬಾಯಲ್ಲಿ ಅಂಕಿ ಹೇಳಿ ಎಣಿಸುತ್ತಿರಲಿಲ್ಲ, ಒಂದು ರಾಗ ಗುನುಗುತ್ತಿದ್ದ. ಹತ್ತು ಸುತ್ತಿಗೆ ರಾಗ ಒಂದು ಸಲ ತಿರುಗಿ ಬರುತ್ತಿತ್ತು, ಮತ್ತೆ ಹತ್ತಕ್ಕೆ ಮತ್ತೊಂದು ಸಲ. ಅವನೇ ಕಟ್ಟಿಕೊಂಡ ರಾಗ. ಏನೂ ವಿಶೇಷವಿಲ್ಲ, ಅಳುವ ಮಗುವನ್ನು ತಟ್ಟಿ ಮಲಗಿಸುವ ಹಾಗಿತ್ತು. ಅವನು ಗುನುಗುತ್ತಿರುವಾಗ ಯಾರೂ ಮಾತಾಡಿಸಬಾರದು. ಯಾರಾದರೂ ಬಾಯಿ ತೆರೆದರೆ ತಲೆ ಎತ್ತದೆ ಎಡಗೈ ಎತ್ತುತ್ತಿದ್ದ. ತಡಿ ಎಂದು ಅರ್ಥ. ಬೀದಿಯ ಮಕ್ಕಳು ಅವನಿಗೆ "ತಡಿ ಮಾಮ" ಎಂದೇ ಹೆಸರಿಟ್ಟಿದ್ದರು. ಅವನ ಮಗಳಂತೂ ಮಾತು ಕಲಿಯುವ ಮುಂಚೆಯೇ ಇದನ್ನು ಕಲಿತಿದ್ದಳು. ರಾಗ ಕೇಳಿದರೆ ಸಾಕು, ತುಟಿಗೆ ಬೆರಳಿಟ್ಟುಕೊಂಡು ಗೋಡೆಗೆ ಒರಗಿ ನಿಂತುಬಿಡುತ್ತಿತ್ತು ಆ ಕೂಸು. ನೋಡಿ ನಾವೆಲ್ಲ ಎಷ್ಟು ನಗುತ್ತಿದ್ದೆವು!

ಆಮೇಲೆ ಆ ದಿನ ಬಂತು. ಮಗಳು ಪುಟ್ಟಿ ಆಗ ಮೂರನೇ ಕ್ಲಾಸು. ಅವಳಮ್ಮ ಅಡುಗೆಮನೆಯಲ್ಲಿ ನಿಂತವಳು ನಿಂತ ಹಾಗೇ ಕುಸಿದುಬಿದ್ದಳು. ಮನೆಯಲ್ಲಿ ಇದ್ದದ್ದು ಈ ಮಗು ಒಂದೇ. ಓಣಿ ದಾಟಿ ಅಪ್ಪನ ಅಂಗಡಿಗೆ ಓಡಿಬಂತು. ಅವನು ಕೂದಲೆಳೆಯಂಥ ತಂತಿಯಲ್ಲಿ ಯಾವುದೋ ಸಣ್ಣ ಕಾಯಿಲ್ ಸುತ್ತುತ್ತಿದ್ದ, ಗುನುಗುತ್ತಿದ್ದ. ಹೊಸ್ತಿಲಲ್ಲಿ ನೆರಳು ಬಿದ್ದದ್ದು ಗೊತ್ತಾಗಿ ಎಡಗೈ ಎತ್ತಿದ. ಮಗು ನಿಂತುಕೊಂಡಿತು. ಎದುರಿನ ಚಪ್ಪಲಿ ಅಂಗಡಿಯವನು ಕಣ್ಣಾರೆ ಕಂಡದ್ದನ್ನು ಆಮೇಲೆ ನನಗೆ ಹೇಳಿದ. ಎರಡೂ ಕೈಯಲ್ಲಿ ಫ್ರಾಕು ಮುದುಡಿ ಹಿಡಿದುಕೊಂಡು, ಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಾಯಿಸುತ್ತ, ಬಾಯಿ ಬಿಗಿಹಿಡಿದು ನಿಂತಿತ್ತಂತೆ. ಬಚ್ಚಲಿಗೆ ಅವಸರವಾಗಿರಬೇಕು ಎಂದುಕೊಂಡನಂತೆ ಅವನು.

ಗುನುಗು ನಿಂತ ಮೇಲೆ ನನ್ನ ತಮ್ಮ ತಂತಿಗೆ ಗಂಟು ಹಾಕಿ, ತಲೆ ಎತ್ತಿ, "ಏನು ಪುಟ್ಟಿ?" ಎಂದ. ಅಷ್ಟು ಹೊತ್ತಿಗೆ ಅವಳಿಗೆ ಮಾತೇ ಹೊರಡಲಿಲ್ಲ. ಮನೆಯ ಕಡೆ ಕೈ ತೋರಿಸಿದಳು.

ಸುದ್ದಿ ಕೇಳಿ ನಾನು ಓಡಿಬಂದಾಗ ಅವರು ಆಸ್ಪತ್ರೆಗೆ ಹೋಗಿಯಾಗಿತ್ತು. ಅಡುಗೆಮನೆಯಲ್ಲಿ ಒಲೆಯ ಮೇಲೆ ಹಾಲಿನ ಪಾತ್ರೆ ಹಾಗೇ ಇತ್ತು, ಅರ್ಧ ಕಾದ ಹಾಲು, ಮೇಲೆ ಕೆನೆ. ಒಲೆ ಆರಿತ್ತು. ಯಾರು ಆರಿಸಿದರು ಎಂದು ಆ ಗೋಳಿನಲ್ಲಿ ಯಾರೂ ಕೇಳಲಿಲ್ಲ.

ಅವಳು ಉಳಿಯಲಿಲ್ಲ. "ಸ್ವಲ್ಪ ಮುಂಚೆ ತಂದಿದ್ರೆ ನೋಡಬಹುದಿತ್ತು," ಎಂದ ಡಾಕ್ಟರು. ಬಂದವರಿಗೆಲ್ಲ ಹೇಳಿ ಹೇಳಿ ರೂಢಿಯಾದ ಮಾತು. ಅವನ ಬಾಯಿಗೆ ಮಣ್ಣು ಹಾಕ, ಪಕ್ಕದಲ್ಲಿ ಮಗು ನಿಂತಿದೆ ಎನ್ನುವುದಾದರೂ ಕಾಣಬೇಡವೇ? ಮಗು ಕೇಳಿಸಿಕೊಂಡಿತು. ಅಪ್ಪನೂ ಕೇಳಿಸಿಕೊಂಡ. ಆ ಮಾತನ್ನು ಇಬ್ಬರೂ ಮನೆಗೆ ಹೊತ್ತು ತಂದರು.

ನಾನು ಗಂಡ ಇಲ್ಲದವಳು, ಗಂಟುಮೂಟೆ ಕಟ್ಟಿಕೊಂಡು ಬಂದು ಇವರ ಮನೆಯಲ್ಲೇ ನಿಂತೆ. ನನ್ನ ತಮ್ಮ ಗುನುಗುವುದನ್ನು ಬಿಟ್ಟ. ಸುತ್ತು ಎಣಿಸುವ ಮೀಟರ್ ಇರುವ ಹೊಸ ಯಂತ್ರ ತಂದ. ಅದು ಟಿಕ್ ಟಿಕ್ ಎಂದು ತಾನೇ ಎಣಿಸಿಕೊಳ್ಳುತ್ತಿತ್ತು. ಇನ್ನು ಅವನನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ಮಾತಾಡಿಸಬಹುದಿತ್ತು. ಯಾರೂ ಮಾತಾಡಿಸಲಿಲ್ಲ. ತಡಿ ಮಾಮ ಎನ್ನುವ ಹೆಸರನ್ನು ಮಕ್ಕಳು ಕೂಡ ಬಿಟ್ಟುಬಿಟ್ಟವು.

ಪುಟ್ಟಿ ಯಾರ ಮಾತಿಗೂ ಅಡ್ಡ ಬಾರದ ಹುಡುಗಿಯಾಗಿ ಬೆಳೆದಳು. ಎಂಥ ವಿನಯ, ಎಂಥ ತಾಳ್ಮೆ ಎಂದು ಕಂಡವರೆಲ್ಲ ಹೊಗಳಿದರು. ಶಾಲೆಯಲ್ಲಿ ಜ್ವರ ಬಂದು ತಲೆ ಸುತ್ತುತ್ತಿದ್ದರೂ ಪಾಠ ಮುಗಿಯಲಿ ಎಂದು ಕಾದು, ಗಂಟೆ ಹೊಡೆದ ಮೇಲೆ ಬಿದ್ದವಳು ಅವಳು. ಅದಕ್ಕೆ ವಿನಯ ಎನ್ನುತ್ತಾರೆಯೇ? ಅಪ್ಪನ ಬಾಯಲ್ಲಿ ತುತ್ತಿದ್ದರೆ ಅದು ಗಂಟಲಿಳಿಯುವವರೆಗೂ ಕಾಯುತ್ತಿದ್ದಳು. ಅವನು ಪೇಪರ್ ಓದುತ್ತಿದ್ದರೆ ಪುಟ ತಿರುಗಿಸುವವರೆಗೂ ಕಾಯುತ್ತಿದ್ದಳು. "ಏನು ಪುಟ್ಟಿ, ಹೇಳು" ಎಂದು ಅವನು ಕೈಲಿದ್ದದ್ದನ್ನು ಬದಿಗಿಟ್ಟರೆ, "ನೀನು ಮುಗಿಸಪ್ಪ, ಆಮೇಲೆ ಹೇಳ್ತೀನಿ" ಎನ್ನುತ್ತಿದ್ದಳು. ಆಮೇಲೆ ಹೇಳುವುದು ಏನೂ ಇರುತ್ತಿರಲಿಲ್ಲ. ದೊಡ್ಡವಳಾಗಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿಯೂ ಗಿರಾಕಿಗಳು ಅವಳನ್ನೇ ಹುಡುಕಿಕೊಂಡು ಬರುತ್ತಾರಂತೆ. ರೋಗದ ಪುರಾಣವನ್ನೆಲ್ಲ ಕೊನೆಯವರೆಗೂ ಕೇಳುವವಳು ಅವಳೊಬ್ಬಳೇ.

ಹೀಗಿರುವಾಗ ಗಿಟಾರ್ ಮೇಷ್ಟ್ರು ನಮ್ಮ ಅಂಗಡಿಗೆ ಬಂದ. ಇಸ್ತ್ರಿ ಅಂಗಡಿಯ ಮಹಡಿಯಲ್ಲಿ ಪಾಠ ಹೇಳುವ ಹುಡುಗ, ಮೀಸೆ ಸರಿಯಾಗಿ ಮೂಡಿರಲಿಲ್ಲ. ಅವನ ಸೌಂಡ್ ಪೆಟ್ಟಿಗೆಯ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ನನ್ನ ತಮ್ಮ ಸುತ್ತಿ ಸರಿಮಾಡಿ ಕೊಟ್ಟ. ಪರೀಕ್ಷೆ ಮಾಡಲೆಂದು ಹುಡುಗ ಅಲ್ಲೇ ಬೆಂಚಿನ ಮೇಲೆ ಕೂತು ಗಿಟಾರ್ ನುಡಿಸಿದ. ಕೈ ನುಡಿಸುತ್ತಲೇ ಇತ್ತು, ಬಾಯಿ ಮಾತಾಡುತ್ತಲೇ ಇತ್ತು. "ಸಾರ್, ಇದು ಬಿಸಿ ಆಗುತ್ತಾ? ಎಷ್ಟು ಹೊತ್ತು ಹಾಕಿಡಬಹುದು?" ಎಂದ. ಬೀದಿಯಲ್ಲಿ ಯಾರೋ ಕೂಗಿದ್ದಕ್ಕೆ "ಬಂದೆ ಬಂದೆ" ಎಂದ. ಹಾಡು ಮಾತ್ರ ಎಲ್ಲೂ ತಪ್ಪಲಿಲ್ಲ. ನನ್ನ ತಮ್ಮ ಬಾಯಿ ಬಿಟ್ಟುಕೊಂಡು ನೋಡಿದ. ಮರುದಿನವೇ ಆ ಹುಡುಗನ ಹಳೆಯ ಗಿಟಾರೊಂದನ್ನು ಕೇಳಿ ತಂದ.

ಶುರುವಿನ ದಿನಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಒಂದು ಸಲ ದಪ್ಪ ತಂತಿ ಕಿತ್ತುಹೋಯಿತು. ಅಂಗಡಿಯಲ್ಲಿ ಸಿಗುವ ತಂತಿ ತಂದು ಹಾಕುವುದು ಬಿಟ್ಟು ಈ ಮಹಾಶಯ ಸಣ್ಣ ಉಕ್ಕಿನ ತಂತಿಯ ಮೇಲೆ ಮೋಟರಿನ ತಾಮ್ರದ ತಂತಿಯನ್ನು ತಾನೇ ಸುತ್ತಿ, ಅಭ್ಯಾಸಬಲದಿಂದ ಮೇಲೆ ವಾರ್ನಿಶ್ ಬೇರೆ ಬಳಿದುಬಿಟ್ಟ. ನುಡಿಸಿದರೆ ಒದ್ದೆ ಬಟ್ಟೆ ಒಗೆದ ಹಾಗೆ ಧಪ್ ಎಂದಿತು. "ತಂತಿಗೆ ಶಾಕ್ ಹೊಡೀಬಾರ್ದು ಅಂತ ಬಳಿದ್ರಾ ಸಾರ್?" ಎಂದು ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕನಂತೆ.

ಕೆಲವು ತಿಂಗಳಾದ ಮೇಲೆ ಅದೇ ಮೇಷ್ಟ್ರು ದೂರು ತೆಗೆದುಕೊಂಡು ನಮ್ಮ ಮನೆಗೆ ಬಂದ. ನಾನು ಚಹಾ ಕೊಟ್ಟೆ.

"ಅಮ್ಮಾ, ನಿಮ್ಮ ತಮ್ಮನಿಗೆ ಸ್ವಲ್ಪ ಬುದ್ಧಿ ಹೇಳಿ."

"ನನ್ನ ಬುದ್ಧಿ ಕೇಳೋ ಹಾಗಿದ್ದಿದ್ರೆ ಅವನು ನಿಮ್ಮ ಹತ್ರ ಯಾಕಪ್ಪ ಬರ್ತಿದ್ದ? ಏನು ಮಾಡ್ದ?"

"ಹೊಸಬರಿಗೆ ಅಂತ ನಾಲ್ಕು ಕಾರ್ಡ್ ಇರೋ ಹಾಡು ಕೊಟ್ಟೆ, ಕಷ್ಟ ಅಂದ್ರು. ಸರಿ, ಮೂರು ಕಾರ್ಡಿಂದು ಕೊಟ್ಟೆ."

ಕಾರ್ಡ್ ಎಂದರೆ ಏನು ಎಂದು ಕೇಳಿದೆ. ಎಡಗೈ ಬೆರಳುಗಳನ್ನು ಬೇರೆ ಬೇರೆ ತಂತಿಯ ಮೇಲೆ ಒಟ್ಟಿಗೆ ಒತ್ತಿ ಹಿಡಿಯುವುದಂತೆ. ಒಂದರಿಂದ ಇನ್ನೊಂದಕ್ಕೆ ಬೆರಳು ಹಾರಿಸುವುದೇ ಹೊಸಬರಿಗೆ ಪ್ರಾಣಸಂಕಟವಂತೆ. ಅದಕ್ಕೇ ಕಾರ್ಡ್ ಕಡಿಮೆ ಇರುವ, ನಿಧಾನವಾಗಿ ಬದಲಾಗುವ, ತೋರುಬೆರಳನ್ನು ಅಡ್ಡ ಹಾಕಿ ಎಲ್ಲ ತಂತಿಯನ್ನೂ ಅದುಮುವ ರಗಳೆ ಇಲ್ಲದ ಹಾಡನ್ನೇ ಮೊದಲು ಆರಿಸಬೇಕಂತೆ.

"ಮೂರು ಕಾರ್ಡಿಂದು ಚೆನ್ನಾಗೇ ನುಡಿಸಿದ್ರು. ಆದ್ರೂ ಇನ್ನೂ ಸುಲಭದ್ದು ಕೊಡಿ ಅಂತಾರೆ. ಎರಡು ಕಾರ್ಡಿನ ದೋಣಿ ಹಾಡು ಕೊಟ್ಟೆ, ಮಕ್ಕಳಿಗೆ ಕೊಡೋ ಹಾಡು. ಇದಕ್ಕಿಂತ ಸುಲಭದ್ದು ಇಲ್ವಾ ಅಂತಾರೆ! ಎಲ್ಲರೂ ಮುಂದೆ ಹೋದ್ರೆ ಇವ್ರು ಹಿಂದೆ ಬರ್ತಿದ್ದಾರೆ. ಮೇಲಾಗಿ ಹಾಡಿನ ಮಧ್ಯೆ ನಿಲ್ಲಿಸ್ಬಿಡ್ತಾರೆ. ಕೆಳಗಡೆ ಇಸ್ತ್ರಿಯವನು ಕೆಮ್ಮಿದ್ರೂ ನಿಲ್ಲಿಸ್ತಾರೆ. ತಪ್ಪಾದ್ರೂ ಪರವಾಗಿಲ್ಲ, ನಿಲ್ಲಿಸ್ಬೇಡಿ ಅನ್ನೋದೇ ನಾನು ಹೇಳ್ಕೊಡೋ ಮೊದಲ್ನೇ ಪಾಠ ಅಮ್ಮಾ."

ಮಧ್ಯಾಹ್ನ ಅಂಗಡಿಗೆ ಊಟ ತೆಗೆದುಕೊಂಡು ಹೋದಾಗ ತಮ್ಮನನ್ನು ತರಾಟೆಗೆ ತೆಗೆದುಕೊಂಡೆ. "ಏನೋ, ಆ ಹುಡುಗನ ಪ್ರಾಣ ಯಾಕೋ ತಿಂತೀಯ? ಹಾಡನ್ನ ಮಧ್ಯದಲ್ಲಿ ಯಾಕೆ ನಿಲ್ಲಿಸ್ತೀಯ?"

ಅವನು ಡಬ್ಬಿಯ ಮುಚ್ಚಳ ತೆಗೆಯದೆ ಹಾಗೇ ಹಿಡಿದುಕೊಂಡಿದ್ದ. "ನಾನು ನಿಲ್ಲಿಸೋದನ್ನೇ ಕಲೀತಿರೋದು ಅಕ್ಕಾ."

"ಹಾಗಂದ್ರೆ?"

"ಕಷ್ಟದ ಹಾಡಾದ್ರೆ ಮನಸ್ಸೆಲ್ಲ ಬೆರಳಿಗೆ ಹೋಗ್ಬಿಡುತ್ತೆ. ಕಿವಿ ಮುಚ್ಚಿಹೋಗುತ್ತೆ. ಎಣಿಸುವಾಗ ಹಾಗೇ ಆಗ್ತಿತ್ತು. ಆವತ್ತು ಪುಟ್ಟಿ ಬಂದಿದ್ದು ನಂಗೆ ಗೊತ್ತಾಗಿತ್ತು ಅಕ್ಕಾ. ಎಂಥ ಮುಖ ಹೊತ್ಕೊಂಡು ಬಂದಿದ್ದಾಳೆ ಅಂತ ನೋಡ್ಲಿಲ್ಲ. ಹಾಡು ಎಷ್ಟು ಸುಲಭ ಇರ್ಬೇಕು ಅಂದ್ರೆ, ಯಾರಾದ್ರೂ ಕರೆದ್ರೆ ತಕ್ಷಣ ಕೇಳಿಸ್ಬೇಕು, ತಕ್ಷಣ ಕೈ ನಿಲ್ಬೇಕು. ಒಂದೇ ಒಂದು ಸಲ ಅವಳು ನನ್ನನ್ನ ಮಧ್ಯದಲ್ಲಿ ಕರೀಬೇಕು, ನಾನು ನಿಲ್ಲಿಸ್ಬೇಕು. ನಂಗೆ ಬೇಕಾಗಿರೋದು ಅಷ್ಟೇ."

"ಅಯ್ಯೋ ಮಂಕೇ! ಅದಕ್ಕೆ ಗಿಟಾರ್ ಯಾಕೋ? ಅವಳನ್ನ ಎದುರಿಗೆ ಕೂರಿಸ್ಕೊಂಡು ಬಾಯಿಬಿಟ್ಟು ಹೇಳೋಕೆ ನಿಂಗೇನು ರೋಗ?"

"ಹೇಳಿದ್ದೆ. ಒಂದಿನ ಊಟ ಮಾಡ್ತಾ ಮಾಡ್ತಾ ಹೇಳ್ದೆ. ನಾನು ಕೈ ತೊಳ್ಕೊಳ್ಳೋವರ್ಗೂ ಕಾದು, 'ಅದೆಲ್ಲ ಈಗ ಯಾಕಪ್ಪಾ' ಅಂದ್ಲು."

ಮನೆಗೆ ಬಂದು ಬಚ್ಚಲ ನಲ್ಲಿ ಬಿಟ್ಟುಕೊಂಡು ಅತ್ತೆ. ತಮ್ಮನಿಗಾಗಿಯೋ, ಆ ಹುಡುಗಿಗಾಗಿಯೋ, ಗೊತ್ತಾಗಲಿಲ್ಲ.

ಅಂದಿನಿಂದ ಸಂಜೆ ಹೊತ್ತು ನಾನೂ ತರಕಾರಿ ಬುಟ್ಟಿ ಹಿಡಿದುಕೊಂಡು ಹೋಗಿ ಅಂಗಡಿಯ ಬೆಂಚಿನ ಮೇಲೆ ಕೂರತೊಡಗಿದೆ. ಪುಟ್ಟಿ ಕೆಲಸ ಮುಗಿಸಿ ಮನೆಗೆ ಹೋಗುವ ದಾರಿ ಅದೇ. ಅಪ್ಪನ ಮಾತ್ರೆಗಳನ್ನೋ, ಏನಾದರೂ ಹಣ್ಣನ್ನೋ ಕೊಟ್ಟು ಹೋಗಲು ಬರುತ್ತಿದ್ದಳು. ಅವನು ದೋಣಿ ಹಾಡು ನುಡಿಸುತ್ತಿದ್ದ. ಅವಳ ಚಪ್ಪಲಿಯ ಸದ್ದು ಕೇಳಿದ ಕೂಡಲೇ ಕೈ ನಿಲ್ಲುತ್ತಿತ್ತು. "ಬಾ ಪುಟ್ಟಿ, ಏನು, ಹೇಳು" ಎನ್ನುತ್ತಿದ್ದ, ಪಾಪ, ಪರೀಕ್ಷೆಗೆ ಕೂತವನ ಹಾಗೆ.

"ಮುಗಿಸಪ್ಪ, ಚೆನ್ನಾಗಿದೆ," ಎನ್ನುತ್ತಿದ್ದಳು ಅವಳು.

ಅವನು ಮಿಕ್ಕ ಹಾಡನ್ನು ನುಡಿಸುತ್ತಿದ್ದ. ಅವಳು ಹೊಸ್ತಿಲಲ್ಲಿ ಕಾಯುತ್ತಿದ್ದಳು. ಹಾಡು ಮುಗಿದ ಮೇಲೆ ಪೊಟ್ಟಣ ಮೇಜಿನ ಮೇಲಿಟ್ಟು, "ಬರ್ತೀನಿ ಅತ್ತೆ" ಎಂದು ನನಗೆ ಹೇಳಿ ಹೋಗುತ್ತಿದ್ದಳು. ಅವನು ಗಿಟಾರಿನ ಮೇಲೆ ಗಲ್ಲ ಊರಿ ಕೂರುತ್ತಿದ್ದ. ನುಡಿಸುವಾಗ ತನ್ನ ಹುಬ್ಬು ಗಂಟಿಕ್ಕುತ್ತದೆ, ಅದನ್ನು ನೋಡಿ ಅವಳು ಹೆದರುತ್ತಾಳೆ, ಇನ್ನೂ ಸುಲಭದ ಹಾಡು ಬೇಕು ಎನ್ನುವುದು ಅವನ ಲೆಕ್ಕಾಚಾರ. ಮಾರನೆಯ ದಿನ ಮತ್ತೆ ಮೇಷ್ಟ್ರ ತಲೆ ತಿನ್ನಲು ಹೋಗುತ್ತಿದ್ದ.

ಕೊನೆಗೆ ಮೇಷ್ಟ್ರಿಗೂ ರೇಗಿತು. "ಸಾರ್, ನನ್ನ ಹತ್ರ ಇರೋ ಹಾಡೆಲ್ಲ ಮುಗೀತು. ನಿಮಗೆ ಮೊದಲಿಂದ ಬಾಯಿಗೆ ಬರೋ ರಾಗ ಯಾವುದಾದ್ರೂ ಇದೆಯಾ? ನಿದ್ದೆಗಣ್ಣಲ್ಲಿ ಕೇಳಿದ್ರೂ ಹಾಡೋ ಅಂಥದ್ದು? ಅದಕ್ಕಿಂತ ಸುಲಭದ ಹಾಡು ಯಾರ ಹತ್ರಾನೂ ಸಿಗಲ್ಲ."

ಇದನ್ನು ಕೇಳಿಬಂದವನು ಗಿಟಾರನ್ನು ಮೊಳೆಗೆ ನೇತುಹಾಕಿ ಬಹಳ ದಿನ ಮುಟ್ಟಲಿಲ್ಲ. ಏನಾಯಿತೋ ಎಂದರೆ ಬೆರಳು ನೋವು ಎಂದ. ಬೆರಳಿಗೇನೂ ಆಗಿರಲಿಲ್ಲ. ನನಗೂ ಆ ಎಣಿಕೆಯ ರಾಗ ನೆನಪಿತ್ತು, ಹಾಗಾಗಿ ಮತ್ತೆ ಕೇಳಲಿಲ್ಲ. ಆಮೇಲೆ ಒಂದು ದಿನ ಅವನಾಗಿಯೇ ಗಿಟಾರ್ ಇಳಿಸಿಕೊಂಡು ಮೇಷ್ಟ್ರ ಬಳಿ ಹೋಗಿ, ಅದನ್ನು ಗುನುಗಿ ತೋರಿಸಿದ. "ಎರಡೇ ಕಾರ್ಡು ಸಾರ್, ಎಷ್ಟು ಚೆನ್ನಾಗಿದೆ! ಯಾರ ಹಾಡು ಇದು?" ಎಂದನಂತೆ ಹುಡುಗ.

"ತಂತಿ ಸುತ್ತೋ ಹಾಡು," ಎಂದನಂತೆ ಇವನು.

ಆ ಸಂಜೆ ನಾನು ಬೆಂಚಿನ ಮೇಲೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಅವನು ಸ್ಟೂಲನ್ನು ತಿರುಗಿಸಿಕೊಂಡು ಬಾಗಿಲಿಗೆ ಬೆನ್ನು ಹಾಕಿ ಕೂತ. "ಅವಳ ಮುಖ ಕಾಣ್ಬಾರ್ದು ಅಕ್ಕಾ. ಕೇಳಿಸ್ಕೊಂಡೇ ನಿಲ್ಲಿಸ್ಬೇಕು," ಎಂದ. ಶುರುಮಾಡಿದ.

ನನ್ನ ಕೈ ಬುಟ್ಟಿಯಲ್ಲೇ ನಿಂತುಹೋಯಿತು. ಎಷ್ಟು ವರ್ಷವಾಗಿತ್ತು ಅದನ್ನು ಕೇಳಿ! ಹತ್ತಕ್ಕೆ ಒಂದು ತಿರುವು, ಮತ್ತೆ ಹತ್ತು, ಮತ್ತೆ ತಿರುವು. ಎದುರಿನ ಚಪ್ಪಲಿ ಅಂಗಡಿಯವನು ಸುತ್ತಿಗೆ ಕೆಳಗಿಟ್ಟು ಇತ್ತ ನೋಡಿದ. ಬೇಡ ಕಣೋ, ನಿಲ್ಲಿಸೋ ಎಂದು ಕೂಗಬೇಕೆನಿಸಿತು.

ಪುಟ್ಟಿ ಬಂದಳು. ಬೀದಿಯ ತಿರುವಿನಲ್ಲೇ ಅವಳಿಗೆ ಕೇಳಿಸಿರಬೇಕು, ನಡೆ ನಿಧಾನವಾಗಿತ್ತು. ಹೊಸ್ತಿಲಿಗೆ ಬಂದು ನಿಂತಳು. ಅಷ್ಟು ದೊಡ್ಡ ಹೆಂಗಸು, ಎರಡೂ ಕೈಯಲ್ಲಿ ಬ್ಯಾಗಿನ ಪಟ್ಟಿಯನ್ನು ಮುದುಡಿ ಹಿಡಿದುಕೊಂಡು, ಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಾಯಿಸಿದಳು.

ಅವನ ಕೈ ನಿಂತಿತು. ಹತ್ತೂ ಆಗಿರಲಿಲ್ಲ, ತಿರುವೂ ಬಂದಿರಲಿಲ್ಲ. ನಡುವೆಯೇ ನಿಂತಿತು. ಸ್ಟೂಲಿನ ಮೇಲೇ ಹಿಂದಕ್ಕೆ ತಿರುಗಿ ಅವಳ ಮುಖ ನೋಡಿದ.

"ಹೇಳು ಪುಟ್ಟಿ."

"ಮುಗಿಸಪ್ಪ," ಎಂದಳು.

"ಮುಗಿಸಲ್ಲ. ಲೆಕ್ಕ ತಪ್ಪಿದ್ರೆ ತಪ್ಪಲಿ. ನೀನು ಹೇಳು. ಆವತ್ತು ಹೇಳೋಕೆ ಬಂದಿದ್ಯಲ್ಲ, ಅದನ್ನ ಹೇಳು."

ಅವಳು ಏನೂ ಹೇಳುವುದಿಲ್ಲ, ತಿರುಗಿ ಹೋಗಿಬಿಡುತ್ತಾಳೆ ಎಂದು ನಾನಂದುಕೊಂಡೆ. ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಒಂದೇ ಉಸಿರಿಗೆ, ಮೂರನೇ ಕ್ಲಾಸಿನ ಮಗು ಪಾಠ ಒಪ್ಪಿಸುವ ಹಾಗೆ ಹೇಳಿದಳು.

"ಅಪ್ಪಾ, ಅಮ್ಮ ಬಿದ್ದಿದ್ದಾಳೆ. ಕೂಗಿದ್ರೂ ಏಳ್ತಾ ಇಲ್ಲ. ಒಲೆ ಆರಿಸಿ ಬಂದಿದ್ದೀನಿ."

ಅವನು ಗಿಟಾರನ್ನು ಎಲ್ಲಿಟ್ಟನೋ, ಅದು ಯಾವುದೋ ಮೋಟರಿಗೆ ಬಡಿದು ಎಲ್ಲ ತಂತಿಯೂ ಒಟ್ಟಿಗೆ ಮಿಡಿಯಿತು. ಚಪ್ಪಲಿ ಹಾಕಿಕೊಳ್ಳಲಿಲ್ಲ. "ನಡಿ," ಎಂದ. ಅವಳ ಕೈ ಹಿಡಿದುಕೊಂಡು ಬೀದಿಗಿಳಿದು ಓಡಿದ. ಆ ವಯಸ್ಸಿನಲ್ಲಿ, ಬರಿಗಾಲಲ್ಲಿ, ಓಣಿಯ ಕಲ್ಲಿನ ಮೇಲೆ ಅಪ್ಪ ಮಗಳು ಓಡಿದರು. ನನ್ನ ಮಡಿಲಿನ ಹುರುಳಿಕಾಯಿಯೆಲ್ಲ ನೆಲಕ್ಕೆ ಚೆಲ್ಲಿತು. ಮಂಡಿನೋವಿನ ಕಾಲು ಎಳೆದುಕೊಂಡು ನಾನೂ ಹಿಂದೆಯೇ ಹೋದೆ.

ನಾನು ತಲುಪುವ ಹೊತ್ತಿಗೆ ಅವನು ಅಡುಗೆಮನೆಯಲ್ಲಿ ಒಲೆಯ ಮುಂದೆ ನೆಲದ ಮೇಲೆ ಮಂಡಿಯೂರಿ ಕೂತಿದ್ದ. ಹೆಂಡತಿ ಬಿದ್ದ ಜಾಗದಲ್ಲಿ ಅಂಗೈ ಇಟ್ಟು ಸವರುತ್ತಿದ್ದ. "ಬಂದೆ ಕಣೆ. ಬಂದೆ. ಮಗು ಕರೀತು, ತಕ್ಷಣ ಎದ್ದು ಬಂದೆ, ನಾನು ಒಂದ್ನಿಮಿಷಾನೂ..."

"ಎಷ್ಟು ಹೊತ್ತು ನಿಲ್ಲಿಸ್ಬಿಟ್ಟೆ ಅಪ್ಪಾ ನನ್ನ!"

ಪುಟ್ಟಿ ಕೂಗಿದ್ದು ಅದು. ಅವನ ಮಾತು ಇನ್ನೂ ಮುಗಿದಿರಲಿಲ್ಲ. "ಎಷ್ಟು ಹೊತ್ತು! ಎಷ್ಟು ಹೊತ್ತು!" ಎಂದು ಅವನ ಬೆನ್ನಿಗೆ ಎರಡೂ ಮುಷ್ಟಿಯಿಂದ ಗುದ್ದಿದಳು. ಅವನು ಏನೋ ಹೇಳಲು ಬಾಯಿ ತೆರೆದ, ಅವಳು ಬಿಡಲಿಲ್ಲ. ಮತ್ತೆ ತೆರೆದ, ಮತ್ತೆ ಬಿಡಲಿಲ್ಲ. ಆಮೇಲೆ ಅವನು ಸುಮ್ಮನೆ ತಲೆ ಬಗ್ಗಿಸಿಕೊಂಡು ಕೂತ. ಅವಳು ಗುದ್ದಿ ಗುದ್ದಿ ಸೋತು, ಅದೇ ಬೆನ್ನಿಗೆ ಮುಖ ಒತ್ತಿ, ಆವತ್ತಿನಿಂದ ಇಟ್ಟುಕೊಂಡಿದ್ದನ್ನೆಲ್ಲ ಅತ್ತಳು.

ನಾನು ಹೊಸ್ತಿಲಲ್ಲೇ ನಿಂತೆ, ಒಳಗೆ ಕಾಲಿಡಲು ಮನಸ್ಸಾಗಲಿಲ್ಲ. ಅಂಗಡಿಯ ಬಾಗಿಲು ಹಾರು ಹೊಡೆದಿತ್ತು, ಗಿಟಾರ್ ಅಲ್ಲೇ ನೆಲದ ಮೇಲಿತ್ತು. ಯಾರಾದರೂ ಎತ್ತಿಕೊಂಡು ಹೋಗುವುದಿದ್ದರೆ ಹೋಗಲಿ ಎಂದುಕೊಂಡೆ.